ಬಡವರ ನಕ್ಷೆ ಯಾರ ಕೈಯಲ್ಲಿರಬೇಕು? ಜೇನ್ ಆ್ಯಡಮ್ಸ್ ಬದುಕು ಕೇಳುವ ಪ್ರಶ್ನೆ

1895ರಲ್ಲಿ ಅಮೆರಿಕದಲ್ಲಿ ಒಂದು ಪುಸ್ತಕ ಹೊರಬಂತು. ಅದರ ಜೊತೆಗೆ ಬಣ್ಣದ ನಕ್ಷೆಗಳಿದ್ದವು. ಶಿಕಾಗೊ ನಗರದ ಒಂದು ಸಣ್ಣ ತುಂಡು, ಹೆಚ್ಚೆಂದರೆ ಒಂದು ಚದರ ಮೈಲಿಯ ಮೂರನೇ ಒಂದು ಭಾಗ. ಯಾವ ಮನೆಯಲ್ಲಿ ಯಾವ ದೇಶದಿಂದ ಬಂದವರಿದ್ದಾರೆ ಅಂತ ಒಂದು ನಕ್ಷೆಯಲ್ಲಿ ಬಣ್ಣ ಬಳಿದಿದ್ದರು. ಯಾವ ಕುಟುಂಬಕ್ಕೆ ವಾರಕ್ಕೆ ಎಷ್ಟು ದುಡ್ಡು ಬರುತ್ತೆ ಅಂತ ಇನ್ನೊಂದರಲ್ಲಿ. ವಾರವಿಡೀ ದುಡಿದರೂ 5 ಡಾಲರ್ ದಾಟದ ಮನೆಗಳಿಗೆ ಕಪ್ಪು ಬಣ್ಣ.

ಸಮಾಜಕಾರ್ಯ ಕಲಿಸುವುದು ನನ್ನ ಕೆಲಸ. ಈ ನಕ್ಷೆಗಳನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ನೋಡಿದಾಗಲೆಲ್ಲ ಮೆಚ್ಚುಗೆಯೂ ಆಗುತ್ತೆ, ಕಸಿವಿಸಿಯೂ ಆಗುತ್ತೆ. ಮೆಚ್ಚುಗೆ ಯಾಕೆಂದರೆ, ಬಡತನ ಅನ್ನುವುದು ಸೋಮಾರಿಗಳ ಹಣೆಬರಹ ಅಂತ ನಂಬಿದ್ದ ಕಾಲದಲ್ಲಿ ಅದು ಕೂಲಿಯ ಪ್ರಶ್ನೆ, ಬಾಡಿಗೆಯ ಪ್ರಶ್ನೆ ಅಂತ ಕಣ್ಣಿಗೆ ಕಾಣುವ ಹಾಗೆ ತೋರಿಸಿದ ಕೆಲಸ ಅದು. ಕಸಿವಿಸಿ ಯಾಕೆಂದರೆ, ನನ್ನ ಮನೆಯ ಸಂಪಾದನೆಯನ್ನು ಯಾರೋ ಬಣ್ಣ ಬಳಿದು ಪುಸ್ತಕದಲ್ಲಿ ಅಚ್ಚು ಹಾಕಿಸಿದ್ದರೆ ನನಗೆ ಹೇಗನಿಸುತ್ತಿತ್ತು?

ಈ ಎರಡನ್ನೂ ಒಟ್ಟಿಗೆ ಅನುಭವಿಸಿದ, ಅದರಿಂದ ನಿಧಾನಕ್ಕೆ ಕಲಿತ ಒಬ್ಬ ಹೆಣ್ಣುಮಗಳ ಬದುಕನ್ನು ಇಲ್ಲಿ ಹೇಳಬೇಕಿದೆ. ಜೇನ್ ಆ್ಯಡಮ್ಸ್. ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಮೊದಲ ಅಮೆರಿಕನ್ ಮಹಿಳೆ ಅಂತ ಸ್ಪರ್ಧಾತ್ಮಕ ಪರೀಕ್ಷೆ ಬರೆಯುವವರಿಗೆ ಗೊತ್ತಿರುತ್ತೆ. ಸಮಾಜಕಾರ್ಯದ ತಾಯಿ ಅಂತ ನಮ್ಮ ಪಠ್ಯಪುಸ್ತಕಗಳು ಒಂದು ಸಾಲಿನಲ್ಲಿ ಮುಗಿಸುತ್ತವೆ. ಆ ಒಂದು ಸಾಲಿನ ಹಿಂದಿನ ತಾಪತ್ರಯಗಳಲ್ಲೇ ನಿಜವಾದ ಪಾಠ ಇರುವುದು.

ಬಸ್ಸಿನ ಮೇಲಿನಿಂದ ಕಂಡ ಕೈಗಳು

ಜೇನ್ ಹುಟ್ಟಿದ್ದು 1860ರ ಸೆಪ್ಟೆಂಬರ್ 6ರಂದು, ಇಲಿನಾಯ್ ರಾಜ್ಯದ ಸೀಡರ್‌ವಿಲ್ ಎಂಬ ಹಳ್ಳಿಯಲ್ಲಿ. ಅಪ್ಪ ಜಾನ್ ಆ್ಯಡಮ್ಸ್ ಗಿರಣಿ ಮಾಲೀಕ, ರಾಜ್ಯದ ಸೆನೆಟರ್, ಅಬ್ರಹಾಂ ಲಿಂಕನ್ ಪರಿಚಯಸ್ಥರು. ಎರಡು ವರ್ಷ ತುಂಬಿದ್ದ ಮಗುವನ್ನು ಬಿಟ್ಟು ತಾಯಿ ತೀರಿಕೊಂಡರು. ನಾಲ್ಕನೇ ವರ್ಷಕ್ಕೆ ಬೆನ್ನುಮೂಳೆಗೆ ಕ್ಷಯ ತಗುಲಿ ಬೆನ್ನು ಬಾಗಿತು. ತಾನು ಕುರೂಪಿ, ಅಪ್ಪನ ಜೊತೆ ಬೀದಿಯಲ್ಲಿ ನಡೆದರೆ ಅಪ್ಪನಿಗೆ ಅವಮಾನ ಅಂತ ಆ ಮಗು ದೂರ ದೂರ ನಡೆಯುತ್ತಿತ್ತಂತೆ.

ಆರೇಳು ವರ್ಷದವಳಿದ್ದಾಗ ಅಪ್ಪನ ಜೊತೆ ಪಕ್ಕದ ಊರಿಗೆ ಹೋದ ಜೇನ್, ಗಿರಣಿ ಕೆಲಸಗಾರರ ಇಕ್ಕಟ್ಟಾದ ಮನೆಗಳನ್ನು ಮೊದಲ ಸಲ ನೋಡಿದಳು. ಜನ ಯಾಕೆ ಇಂಥ ಮನೆಗಳಲ್ಲಿ ಇರುತ್ತಾರೆ ಅಂತ ಅಪ್ಪನನ್ನು ಕೇಳಿದಳು. ತಾನು ದೊಡ್ಡವಳಾದ ಮೇಲೆ ದೊಡ್ಡ ಮನೆ ಕಟ್ಟಿಸುತ್ತೇನೆ, ಆದರೆ ಸಿರಿವಂತರ ಮನೆಗಳ ನಡುವೆ ಅಲ್ಲ, ಇಂಥ ಮನೆಗಳ ನಡುವೆಯೇ ಕಟ್ಟಿಸುತ್ತೇನೆ ಅಂತ ಹೇಳಿದಳು. ಮಕ್ಕಳ ಮಾತು ಅಂತ ನಕ್ಕುಬಿಡಬಹುದು. ಆದರೆ ಆಕೆ ಮುಂದೆ ಮಾಡಿದ್ದು ಅದನ್ನೇ.

1881ರಲ್ಲಿ ರಾಕ್‌ಫರ್ಡ್ ಮಹಿಳಾ ಸೆಮಿನರಿಯಲ್ಲಿ ಓದು ಮುಗಿಯಿತು. ಅದೇ ವರ್ಷ ಅಪ್ಪ ಹಠಾತ್ತನೆ ಸತ್ತರು. ಡಾಕ್ಟರ್ ಆಗಬೇಕೆಂದು ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜು ಸೇರಿದರೆ ಬೆನ್ನುನೋವು ಬಿಡಲಿಲ್ಲ. ಓದು ಅರ್ಧಕ್ಕೆ ನಿಂತಿತು, ಶಸ್ತ್ರಚಿಕಿತ್ಸೆ ಆಯಿತು, ತಿಂಗಳುಗಟ್ಟಲೆ ಹಾಸಿಗೆ ಹಿಡಿದರು. ದುಡ್ಡಿದೆ, ಓದಿದೆ, ಆದರೆ ಮಾಡಲು ಕೆಲಸವಿಲ್ಲ. ಆ ಕಾಲದ ಅನುಕೂಲಸ್ಥ ಮನೆಯ ಹೆಣ್ಣುಮಕ್ಕಳಿಗೆ ಉಳಿದಿದ್ದ ದಾರಿ ಎಂದರೆ ಯುರೋಪ್ ಪ್ರವಾಸ.

1883ರಲ್ಲಿ ಹೊರಟ ಆ ಪ್ರವಾಸದಲ್ಲಿ ಒಂದು ಶನಿವಾರ ರಾತ್ರಿ ಲಂಡನ್ನಿನ ಪೂರ್ವ ಭಾಗಕ್ಕೆ ಪ್ರವಾಸಿಗರ ಗುಂಪಿನೊಂದಿಗೆ ಹೋದರು. ಕುದುರೆ ಎಳೆಯುವ ಬಸ್ಸಿನ ಮೇಲ್ಭಾಗದಲ್ಲಿ ಕೂತು ನೋಡಿದರೆ, ಕೆಳಗೆ ಗ್ಯಾಸ್ ದೀಪದ ಬೆಳಕಿನಲ್ಲಿ ಕೊಳೆತ ತರಕಾರಿಯ ಹರಾಜು ನಡೆದಿತ್ತು. ಒಬ್ಬ ಕೋಸುಗಡ್ಡೆ ಗೆದ್ದುಕೊಂಡು ಅಲ್ಲೇ ಕೂತು ತೊಳೆಯದೆ ಬೇಯಿಸದೆ ತಿಂದ. ಮಿಕ್ಕವರು ಕೈ ಚಾಚಿ ನಿಂತಿದ್ದರು. ಆಕೆಯ ಮನಸ್ಸಿನಲ್ಲಿ ಉಳಿದಿದ್ದು ಮುಖಗಳಲ್ಲ, ಆ ಚಾಚಿದ ಕೈಗಳು. ಮುಂದೆ ವರ್ಷಗಟ್ಟಲೆ, ಯಾರಾದರೂ ಸುಮ್ಮನೆ ಕೈ ಎತ್ತಿದರೂ ಆಕೆಗೆ ಆ ರಾತ್ರಿ ನೆನಪಾಗುತ್ತಿತ್ತು.

ಇಲ್ಲಿ ಇನ್ನೊಂದು ಮಾತಿದೆ, ನನಗೆ ಅದು ಹೆಚ್ಚು ಮುಖ್ಯ. ಆ ದೃಶ್ಯ ನೋಡುತ್ತಿದ್ದಾಗಲೇ ಆಕೆಗೆ ತಾನು ಓದಿದ್ದ ಯಾವುದೋ ಪ್ರಬಂಧ ನೆನಪಾಯಿತಂತೆ. ಎದುರಿಗೆ ಹಸಿದವರಿದ್ದಾರೆ, ತನ್ನ ತಲೆಯಲ್ಲಿ ಸಾಹಿತ್ಯ ಓಡುತ್ತಿದೆ! ಆಕೆಗೆ ತನ್ನ ಬಗ್ಗೆಯೇ ಅಸಹ್ಯವಾಯಿತು. ಎತ್ತರದಲ್ಲಿ ಕೂತು ನೋಡುವವರಿಗೂ ಬೀದಿಯಲ್ಲಿ ನಿಂತವರಿಗೂ ನಡುವೆ ಇರುವ ಅಂತರ ಏನು ಅಂತ ಆಕೆಗೆ ಮೊದಲು ಹೊಳೆದದ್ದು ಆ ಬಸ್ಸಿನ ಮೇಲೆ.

ಆದರೂ ದಾರಿ ಕಾಣಲು ಇನ್ನೂ ಐದು ವರ್ಷ ಬೇಕಾಯಿತು. 1888ರಲ್ಲಿ ಮತ್ತೆ ಯುರೋಪಿಗೆ ಹೋದಾಗ ಲಂಡನ್ನಿನ ವೈಟ್‌ಚಾಪೆಲ್‌ನಲ್ಲಿದ್ದ ಟಾಯ್ನ್‌ಬೀ ಹಾಲ್ ನೋಡಿದರು. ವಿಶ್ವವಿದ್ಯಾಲಯದಲ್ಲಿ ಓದಿದ ಯುವಕರು ಬಡವರ ಬೀದಿಯಲ್ಲೇ ಮನೆ ಮಾಡಿಕೊಂಡು, ನೆರೆಹೊರೆಯವರಾಗಿ ಬದುಕುತ್ತಿದ್ದ ಜಾಗ. ಸೆಟ್ಲ್‌ಮೆಂಟ್ ಅಂತ ಅದಕ್ಕೆ ಹೆಸರು. ಬೆಳಗ್ಗೆ ಬಂದು ದಾನ ಕೊಟ್ಟು ಸಂಜೆ ಹೊರಟುಬಿಡುವ ಪದ್ಧತಿಗೂ ಇದಕ್ಕೂ ಅಜಗಜಾಂತರ.

ಬಾಗಿಲು ಹಾಕದ ಮನೆ

1889ರ ಸೆಪ್ಟೆಂಬರ್ 18ರಂದು ಜೇನ್ ಆ್ಯಡಮ್ಸ್ ಮತ್ತು ಗೆಳತಿ ಎಲೆನ್ ಗೇಟ್ಸ್ ಸ್ಟಾರ್ ಶಿಕಾಗೊದ 19ನೇ ವಾರ್ಡಿನಲ್ಲಿ ಒಂದು ಹಳೆಯ ಬಂಗಲೆಗೆ ಬಂದರು. ಚಾರ್ಲ್ಸ್ ಹಲ್ ಎಂಬುವರು ಕಟ್ಟಿಸಿದ್ದರಿಂದ ಅದು ಹಲ್ ಹೌಸ್. ಸುತ್ತ ಇಟಲಿಯವರು, ಐರಿಷರು, ಜರ್ಮನರು, ಬೊಹೆಮಿಯನ್ನರು, ರಷ್ಯಾ ಪೋಲೆಂಡುಗಳಿಂದ ಓಡಿಬಂದ ಯಹೂದಿಗಳು. ಮರದ ಮನೆಗಳು, ಚರಂಡಿಯಿಲ್ಲದ ಓಣಿಗಳು, ಮನೆಯೊಳಗೇ ಬಟ್ಟೆ ಹೊಲಿಯುವ ಕೂಲಿ ಕೆಲಸ. ಮೊದಲ ರಾತ್ರಿ ಇಬ್ಬರಿಗೂ ಎಷ್ಟು ಸಂಭ್ರಮವೆಂದರೆ ಪಕ್ಕದ ಬಾಗಿಲನ್ನು ಮುಚ್ಚುವುದನ್ನೇ ಮರೆತರು. ಬೆಳಗ್ಗೆ ಎದ್ದರೆ ಒಂದು ವಸ್ತುವೂ ಕಳೆದಿರಲಿಲ್ಲ.

ಆ ಮೊದಲ ಕ್ರಿಸ್‌ಮಸ್‌ಗೆ ಮಕ್ಕಳಿಗೆ ಮಿಠಾಯಿ ಹಂಚಿದರೆ ಕೆಲವು ಹುಡುಗಿಯರು ಬೇಡ ಅಂದರು. ವಿಚಾರಿಸಿದರೆ, ಅವರು ಮಿಠಾಯಿ ಕಾರ್ಖಾನೆಯಲ್ಲೇ ಕೆಲಸ ಮಾಡುವವರು. ಆರು ವಾರದಿಂದ ಬೆಳಗ್ಗೆ ಏಳರಿಂದ ರಾತ್ರಿ ಒಂಬತ್ತರವರೆಗೆ ಮಿಠಾಯಿಯ ನಡುವೆ ಇದ್ದು ಅದನ್ನು ಕಂಡರೇ ಆಗುತ್ತಿರಲಿಲ್ಲ. ಯಾವ ಪ್ರಶ್ನಾವಳಿಯೂ ಹೊರಗೆಳೆಯಲಾಗದ ಸತ್ಯವನ್ನು ಒಂದು ಮಿಠಾಯಿ ಹೊರಗೆಳೆಯಿತು. ಜೊತೆಯಲ್ಲಿ ಬದುಕಿದರೆ ಇಂಥದ್ದು ತಾನಾಗೇ ಗೊತ್ತಾಗುತ್ತೆ.

ಹಾಗಂತ ಎಲ್ಲವೂ ಸುಸೂತ್ರವಾಗಿರಲಿಲ್ಲ. ಬಡವರ ಊಟದ ಬಗ್ಗೆ ಹಲ್ ಹೌಸ್‌ನವರು ಶಾಸ್ತ್ರೀಯವಾಗಿ ಅಧ್ಯಯನ ಮಾಡಿದರು. ಕೂಲಿ ಹೆಂಗಸರಿಗೆ ಅಡುಗೆಗೆ ಸಮಯವಿಲ್ಲ, ಡಬ್ಬಿಯ ಆಹಾರಕ್ಕೆ ದುಡ್ಡು ಸುರಿಯುತ್ತಾರೆ, ಪೌಷ್ಟಿಕತೆ ಇಲ್ಲ ಅಂತ ಪತ್ತೆಯಾಯಿತು. ಸರಿ, ಬಾಸ್ಟನ್ ಮಾದರಿಯ ಒಂದು ಸಾರ್ವಜನಿಕ ಅಡುಗೆಮನೆ ತೆರೆದರು. ಕಡಿಮೆ ಬೆಲೆಗೆ, ಲೆಕ್ಕಾಚಾರದ ಪೌಷ್ಟಿಕ ಸೂಪು ಸಾರು. ನೆರೆಯವರು ಅಷ್ಟಾಗಿ ಬರಲೇ ಇಲ್ಲ! ಪೌಷ್ಟಿಕವಾದದ್ದಕ್ಕಿಂತ ತನಗೆ ರುಚಿಸಿದ್ದನ್ನು ತಿನ್ನುವುದೇ ಇಷ್ಟ ಎಂಬ ಅರ್ಥದಲ್ಲಿ ಒಬ್ಬಾಕೆ ಮುಖದ ಮೇಲೇ ಹೇಳಿದಳು. ಇಟಲಿಯವರ ನಾಲಿಗೆ ಬೇರೆ, ಐರಿಷರ ನಾಲಿಗೆ ಬೇರೆ ಅನ್ನುವುದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ ಅಂತ ಆ್ಯಡಮ್ಸ್ ತಮ್ಮ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದುಕೊಂಡಿದ್ದಾರೆ. ಅಧ್ಯಯನ ಸರಿಯಿತ್ತು. ತಿನ್ನುವವರನ್ನು ಕೇಳಿರಲಿಲ್ಲ, ಅಷ್ಟೇ.

ನಕ್ಷೆ ಹುಟ್ಟಿದ್ದು ಹೇಗೆ

1891ರ ಡಿಸೆಂಬರ್ ಕೊನೆಯಲ್ಲಿ ಫ್ಲಾರೆನ್ಸ್ ಕೆಲ್ಲಿ ಎಂಬಾಕೆ ಹಲ್ ಹೌಸ್‌ಗೆ ಬಂದರು. ಗಂಡನಿಂದ ದೂರವಾಗಿ ಮೂರು ಮಕ್ಕಳೊಂದಿಗೆ ಬಂದ ಈಕೆ, ಇಂಗ್ಲೆಂಡಿನ ಕಾರ್ಮಿಕರ ಸ್ಥಿತಿಯ ಬಗ್ಗೆ ಎಂಗೆಲ್ಸ್ ಬರೆದಿದ್ದ ಪುಸ್ತಕವನ್ನು ಇಂಗ್ಲಿಷಿಗೆ ತಂದವರು. ಆ್ಯಡಮ್ಸ್ ನೆರೆಯವರನ್ನು ಪ್ರೀತಿಸುವುದನ್ನು ಬಲ್ಲವರು, ಕೆಲ್ಲಿ ಅಂಕಿ ಅಂಶದಿಂದ ಜಗಳಕ್ಕಿಳಿಯುವುದನ್ನು ಬಲ್ಲವರು. ಹಲ್ ಹೌಸ್‌ನ ದಿಕ್ಕು ಬದಲಾಯಿತು.

1893ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಬಾಲ್ಟಿಮೋರ್, ಶಿಕಾಗೊ, ನ್ಯೂಯಾರ್ಕ್, ಫಿಲಡೆಲ್ಫಿಯಾ ನಗರಗಳ ಕೊಳೆಗೇರಿ ಸಮೀಕ್ಷೆ ನಡೆಸಿತು. ಶಿಕಾಗೊದ ಹೊಣೆ ಕೆಲ್ಲಿಯವರದು. ನಾಲ್ಕು ಜನ ಸಮೀಕ್ಷಕರು ಏಪ್ರಿಲ್‌ನಿಂದ ಜುಲೈವರೆಗೆ ಹಲ್ ಹೌಸ್ ಪಕ್ಕದ ಬೀದಿಗಳಲ್ಲಿ ಪ್ರತಿ ಮನೆ, ಪ್ರತಿ ಕೋಣೆಗೂ ಹೋದರು. ಭರ್ತಿಯಾದ ಫಾರಂಗಳನ್ನು ವಾಷಿಂಗ್ಟನ್‌ಗೆ ಕಳಿಸುವ ಮುಂಚೆ ಹಲ್ ಹೌಸ್‌ನವರು ಕೂತು ಅವನ್ನೆಲ್ಲ ನಕಲು ಮಾಡಿಕೊಂಡರು. ಯಾಕೆ ಗೊತ್ತಾ? ಸರ್ಕಾರಕ್ಕೆ ಹೋದ ಮಾಹಿತಿ ಸರ್ಕಾರದ ಹತ್ತಿರವೇ ಉಳಿಯುತ್ತೆ. ವಾರ್ಡಿನ ಮಾಹಿತಿ ವಾರ್ಡಿನಲ್ಲೂ ಇರಬೇಕು. ನನ್ನ ಪ್ರಕಾರ ಆ ಇಡೀ ಯೋಜನೆಯ ಅತ್ಯಂತ ಜಾಣ ಕೆಲಸ ಈ ನಕಲು.

ಆ ನಕಲಿನಿಂದಲೇ ನಕ್ಷೆ ಹುಟ್ಟಿತು. ಮಾದರಿಯಾಗಿ ಇದ್ದದ್ದು ಲಂಡನ್ನಿನ ಚಾರ್ಲ್ಸ್ ಬೂತ್ ಮಾಡಿಸಿದ್ದ ಬಡತನದ ನಕ್ಷೆ. ಬೂತ್ ಹಡಗು ಕಂಪನಿಯ ಮಾಲೀಕ. ಅವರ ನಕ್ಷೆಗೆ ಮಾಹಿತಿ ಹೆಚ್ಚಾಗಿ ಬಂದದ್ದು ಬಡವರಿಂದಲ್ಲ, ಅವರ ಮನೆಗಳಿಗೆ ಹೋಗಿಬರುತ್ತಿದ್ದ ಶಾಲಾ ಮಂಡಳಿಯ ನೌಕರರಿಂದ. ಲಂಡನ್ ನಕ್ಷೆ ಬೀದಿಗೊಂದು ಬಣ್ಣ ಕೊಟ್ಟಿತು, ಕಪ್ಪು ಬೀದಿಯವರನ್ನು ಅರೆ ಅಪರಾಧಿಗಳು ಅಂತ ಗುರುತಿಸಿತು. ಶಿಕಾಗೊ ನಕ್ಷೆ ಮನೆ ನಿವೇಶನದ ಮಟ್ಟಕ್ಕೆ ಇಳಿಯಿತು. ಒಂದೇ ಕಟ್ಟಡದಲ್ಲಿ ಮೂರು ದೇಶದವರಿದ್ದರೆ ಆ ಚೌಕದಲ್ಲೇ ಮೂರು ಬಣ್ಣ. ವೇಶ್ಯಾಗೃಹಗಳನ್ನು ಗುರುತಿಸಿದ್ದು ಬಿಟ್ಟರೆ, ಜನರ ನಡತೆಯ ಬಗ್ಗೆ ತೀರ್ಪಿಲ್ಲ. ಕಪ್ಪು ಎಂದರೆ ಕಡಿಮೆ ಕೂಲಿ, ಕೆಟ್ಟ ಜನ ಅಲ್ಲ. ಆ ಪುಟ್ಟ ಜಾಗದಲ್ಲಿ 18 ದೇಶಗಳ ಜನ ಸಿಕ್ಕರು.

ಪುಸ್ತಕದ ಹೆಸರು ಹಲ್ ಹೌಸ್ ಮ್ಯಾಪ್ಸ್ ಅಂಡ್ ಪೇಪರ್ಸ್. ಲೇಖಕರ ಜಾಗದಲ್ಲಿ ಒಬ್ಬರ ಹೆಸರಿಲ್ಲ, ಹಲ್ ಹೌಸ್‌ನ ನಿವಾಸಿಗಳು ಅಂತಿದೆ. ಇಲ್ಲೇ ನನ್ನ ಕಸಿವಿಸಿ ಇರುವುದು. ನಿವಾಸಿಗಳು ಅಂದರೆ ಬಂಗಲೆಯೊಳಗೆ ವಾಸವಿದ್ದ ಓದಿದ ಜನ. ನಕ್ಷೆಯಲ್ಲಿ ಬಣ್ಣವಾಗಿ ಕೂತ ನೆರೆಯವರಲ್ಲ. ನ್ಯಾಯವಾಗಿ ಹೇಳಬೇಕೆಂದರೆ, ಬೊಹೆಮಿಯನ್ನರ ಅಧ್ಯಾಯವನ್ನು ಬೊಹೆಮಿಯಾದಿಂದಲೇ ಬಂದ ಮಹಿಳೆಯೊಬ್ಬರು, ಇಟಲಿಯವರ ಅಧ್ಯಾಯವನ್ನು ಇಟಲಿ ಮೂಲದವರೇ ಬರೆದರು. ಆದರೆ ಹೊಲಿಗೆ ಕೂಲಿಯವರು, ಮಿಠಾಯಿ ಕಾರ್ಖಾನೆಯ ಹುಡುಗಿಯರು ಆ ನಕ್ಷೆ ನೋಡಿ ಏನಂದರು ಎಂಬುದಕ್ಕೆ ಪುಸ್ತಕದಲ್ಲಿ ಜಾಗವಿಲ್ಲ. ನಕ್ಷೆಯ ಟಿಪ್ಪಣಿ ಬರೆದ ಆಗ್ನೆಸ್ ಹೋಲ್‌ಬ್ರೂಕ್ ಅವರಿಗೂ ಇದು ಚುಚ್ಚಿತ್ತು. ಬಡವರ ಬದುಕನ್ನು ಹೀಗೆ ಕೆದಕುವುದು ಉದ್ಧಟತನವೇ ಸರಿ, ಇದರಿಂದ ಜನರ ಆತ್ಮಸಾಕ್ಷಿ ಎಚ್ಚೆತ್ತು ಪರಿಸ್ಥಿತಿ ಸುಧಾರಿಸುತ್ತೆ ಎಂಬ ನಂಬಿಕೆ ಇಲ್ಲದಿದ್ದರೆ ಇದಕ್ಕೆ ಕ್ಷಮೆಯೇ ಇಲ್ಲ ಎಂಬ ಅರ್ಥದ ಮಾತನ್ನು ಅವರು ಬರೆದಿಟ್ಟಿದ್ದಾರೆ.

ಸುಧಾರಣೆ ಆಯಿತೇ? ಸ್ವಲ್ಪ ಆಯಿತು. ಹೊಲಿಗೆ ಕೂಲಿಯವರ ಬಗ್ಗೆ ಕೆಲ್ಲಿ ನಡೆಸಿದ ಹೋರಾಟದಿಂದ 1893ರಲ್ಲಿ ಇಲಿನಾಯ್‌ನಲ್ಲಿ ಕಾರ್ಖಾನೆ ಕಾನೂನು ಬಂತು. 14 ವರ್ಷದೊಳಗಿನ ಮಕ್ಕಳ ದುಡಿಮೆಗೆ ತಡೆ, ಹೆಂಗಸರಿಗೆ ದಿನಕ್ಕೆ 8 ಗಂಟೆಯ ಮಿತಿ. ಕೆಲ್ಲಿಯವರೇ ರಾಜ್ಯದ ಮುಖ್ಯ ಕಾರ್ಖಾನೆ ಇನ್‌ಸ್ಪೆಕ್ಟರ್ ಆದರು. ಆದರೆ 1895ರಲ್ಲಿ, ನಕ್ಷೆಯ ಪುಸ್ತಕ ಬಂದ ವರ್ಷವೇ, ರಾಜ್ಯದ ಸುಪ್ರೀಂ ಕೋರ್ಟ್ 8 ಗಂಟೆಯ ನಿಯಮವನ್ನು ರದ್ದು ಮಾಡಿತು.

ಓಣಿಗೆ ಇಳಿದ ಹನ್ನೆರಡು ಹೆಂಗಸರು

ಆ್ಯಡಮ್ಸ್ ಬದುಕಿನ ನಿಜವಾದ ತಿರುವು ಪುಸ್ತಕದಲ್ಲಿಲ್ಲ, ಕಸದಲ್ಲಿದೆ.

19ನೇ ವಾರ್ಡಿನ ಬೀದಿಗಳಲ್ಲಿ ದೊಡ್ಡ ಮರದ ಕಸದ ಪೆಟ್ಟಿಗೆಗಳಿದ್ದವು. ತುಂಬಿ ತುಳುಕುವ ಆ ಪೆಟ್ಟಿಗೆಗಳ ಮೇಲೆ ಮಕ್ಕಳು ಹತ್ತಿ ಆಡುತ್ತಿದ್ದರು. ಗುತ್ತಿಗೆದಾರ ಬರುತ್ತಿರಲಿಲ್ಲ. ವಾರ್ಡಿನ ಸಾವಿನ ಪ್ರಮಾಣ ಶಿಕಾಗೊದಲ್ಲೇ ಮೂರನೆಯದು. ಹಲ್ ಹೌಸ್‌ನ ಮಹಿಳಾ ಕ್ಲಬ್ಬಿನಲ್ಲಿ ನೆರೆಹೊರೆಯ ಹೆಂಗಸರು, ಹೆಚ್ಚಾಗಿ ಐರಿಷ್ ಮೂಲದವರು, ಸೇರುತ್ತಿದ್ದರು. ಮಕ್ಕಳು ಯಾಕೆ ಸಾಯುತ್ತಿದ್ದಾರೆ ಅಂತ ಅಲ್ಲಿ ಚರ್ಚೆಯಾಯಿತು. ನಮ್ಮೂರಿನಲ್ಲಿ ಬಾಗಿಲ ಮುಂದೆ ಗುಡಿಸಿದರೆ ಸಾಕಿತ್ತು, ಇಲ್ಲಿ ನಗರ ಪಾಲಿಕೆ ಗುಡಿಸದಿದ್ದರೆ ಎಷ್ಟು ಗುಡಿಸಿದರೂ ಮಗು ಉಳಿಯಲ್ಲ ಎಂಬುದು ಅವರಿಗೆ ಮನವರಿಕೆಯಾಯಿತು.

1894ರ ಬೇಸಿಗೆಯಲ್ಲಿ ಆ ಕ್ಲಬ್ಬಿನ ಹನ್ನೆರಡು ಹೆಂಗಸರು ಹಲ್ ಹೌಸ್‌ನವರ ಜೊತೆ ಓಣಿ ಓಣಿ ತಿರುಗಿದರು. ಹಗಲೆಲ್ಲ ಮನೆಗೆಲಸ ಮಾಡಿ ದಣಿದವರು, ಸಂಜೆ ಆ ದುರ್ನಾತದ ಓಣಿಗಳಲ್ಲಿ ನಿಂತು ಕಂಡದ್ದನ್ನು ಬರೆದುಕೊಂಡರು. ಆಗಸ್ಟ್ ಮತ್ತು ಸೆಪ್ಟೆಂಬರ್ ಎರಡೇ ತಿಂಗಳಲ್ಲಿ ಆರೋಗ್ಯ ಇಲಾಖೆಗೆ ಹೋದ, ಸಾಕ್ಷಿ ಸಮೇತದ ದೂರುಗಳು 1,037. ಮೂರು ಜನ ಇನ್‌ಸ್ಪೆಕ್ಟರ್‌ಗಳು ಒಬ್ಬರ ಹಿಂದೊಬ್ಬರು ಎತ್ತಂಗಡಿಯಾದರು.

ಈ ಅಂಕಿಯನ್ನು ನಕ್ಷೆಯ ಪಕ್ಕ ಇಟ್ಟು ನೋಡಿ. ನಕ್ಷೆ ಮಾಡುವಾಗ ಸಮೀಕ್ಷಕ ಕೇಳುತ್ತಾನೆ, ಮನೆಯವಳು ಹೇಳುತ್ತಾಳೆ. ಇಲ್ಲಿ ಮನೆಯವಳೇ ಸಮೀಕ್ಷಕಿ. ನಕ್ಷೆಯಲ್ಲಿ ತೋರಿಸುವುದು ಬಡವಳ ಸಂಪಾದನೆ. ಇಲ್ಲಿ ತೋರಿಸುವುದು ಪಾಲಿಕೆ ಮಾಡದೆ ಬಿಟ್ಟ ಕೆಲಸ. ಬೆರಳು ಯಾರ ಕಡೆ ತಿರುಗಿದೆ ಎಂಬುದೇ ಬದಲಾಗಿಬಿಟ್ಟಿತು.

ಮರುವರ್ಷ ಆ್ಯಡಮ್ಸ್ ವಾರ್ಡಿನ ಕಸದ ಗುತ್ತಿಗೆಗೆ ತಾವೇ ಟೆಂಡರ್ ಹಾಕಿದರು. ತಾಂತ್ರಿಕ ಕಾರಣ ಹೇಳಿ ಅದನ್ನು ತಳ್ಳಿಹಾಕಿದರು. ಆದರೆ ಸುದ್ದಿ ಎಷ್ಟು ದೊಡ್ಡದಾಯಿತೆಂದರೆ ಮೇಯರ್ ಆಕೆಯನ್ನು ವಾರ್ಡಿನ ಕಸದ ಇನ್‌ಸ್ಪೆಕ್ಟರ್ ಮಾಡಿದರು. ವರ್ಷಕ್ಕೆ 1,000 ಡಾಲರ್ ಸಂಬಳ. ಬೆಳಗ್ಗೆ ಆರಕ್ಕೆ ಎದ್ದು ಕಸದ ಗಾಡಿಗಳ ಹಿಂದೆ ಸುತ್ತಿದರು. ಒಂದು ಸಣ್ಣ ಬೀದಿಯಲ್ಲಿ ಹದಿನೆಂಟು ಅಂಗುಲ ಕಸ ತೆಗೆದ ಮೇಲೆ ಕಲ್ಲುಹಾಸು ಸಿಕ್ಕಿತು. ಅಲ್ಲಿ ರಸ್ತೆಗೆ ಕಲ್ಲು ಹಾಸಿದ್ದಾರೆ ಎಂಬುದೇ ಅಲ್ಲಿನವರಿಗೆ ಗೊತ್ತಿರಲಿಲ್ಲ. ಸಾವಿನ ಪ್ರಮಾಣದಲ್ಲಿ ಮೂರನೇ ಜಾಗದಲ್ಲಿದ್ದ ವಾರ್ಡು ಏಳಕ್ಕೆ ಇಳಿಯಿತು.

ಇದು ವಾರ್ಡಿನ ಧಣಿಗೆ ಇಷ್ಟವಾಗುತ್ತದೆಯೇ? ಅಲ್ಲಿನ ಕೌನ್ಸಿಲರ್ ಜಾನಿ ಪವರ್ಸ್. ಗುತ್ತಿಗೆಗಳು ಅವನ ಕೈಯಲ್ಲಿ. ಹಲ್ ಹೌಸ್ ಅವನ ವಿರುದ್ಧ ಚುನಾವಣೆಯಲ್ಲಿ ಪ್ರಚಾರ ಮಾಡಿ 1896ರಲ್ಲೂ 1898ರಲ್ಲೂ ಸೋತಿತು. ಆಗ ಆ್ಯಡಮ್ಸ್ ಮಾಡಿದ ಕೆಲಸ ನೋಡಿ: ಮತದಾರರನ್ನು ಬೈಯಲಿಲ್ಲ. ಅವನು ಯಾಕೆ ಗೆಲ್ಲುತ್ತಾನೆ ಅಂತ ಕೂತು ವಿಶ್ಲೇಷಿಸಿ ಬರೆದರು. ಸಾವಾದರೆ ಮಣ್ಣಿಗೆ ಬರುತ್ತಾನೆ, ಹಬ್ಬಕ್ಕೆ ಕೋಳಿ ಕಳಿಸುತ್ತಾನೆ, ಮಗನಿಗೆ ಕೆಲಸ ಕೊಡಿಸುತ್ತಾನೆ. ಕಷ್ಟದಲ್ಲಿ ಹತ್ತಿರ ಇರುವವನು ಅವನೇ. ಸುಧಾರಕರು ದೂರದಲ್ಲಿ ನಿಂತು ನೀತಿ ಹೇಳುತ್ತಾರೆ. ನಮ್ಮ ಊರುಗಳ ರಾಜಕಾರಣ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

1900ರಲ್ಲಿ ಹಲ್ ಹೌಸ್‌ನಲ್ಲಿ ಶ್ರಮದ ಮ್ಯೂಸಿಯಂ ಶುರುವಾಯಿತು. ಬೀದಿಯಲ್ಲಿ ಒಬ್ಬ ಇಟಲಿಯ ಮುದುಕಿ ಕದಿರಿನಲ್ಲಿ ನೂಲು ತೆಗೆಯುತ್ತಾ ಕೂತಿದ್ದನ್ನು ಕಂಡ ಆ್ಯಡಮ್ಸ್‌ಗೆ ಹೊಳೆದದ್ದು ಇದು. ವಲಸೆ ಬಂದ ಹೆಂಗಸರೇ ಬಂದು ತಮ್ಮ ಊರಿನ ನೂಲುವ, ನೇಯುವ ಕೆಲಸ ಮಾಡಿ ತೋರಿಸುತ್ತಿದ್ದರು. ಅಮ್ಮನ ವೇಷಭೂಷಣ ಕಂಡು ನಾಚಿಕೊಂಡು, ಅಮ್ಮ ಒಂದು ಬಾಗಿಲಿನಿಂದ ಬಂದರೆ ತಾನು ಇನ್ನೊಂದರಿಂದ ಹೋಗುತ್ತಿದ್ದ ಹುಡುಗಿಯೊಬ್ಬಳು, ಆ ಅಮ್ಮನ ಕೈಚಳಕವನ್ನು ಜನ ಮೆಚ್ಚಿ ನೋಡುವುದನ್ನು ಕಂಡ ಮೇಲೆ ಅಮ್ಮನ ಜೊತೆಗೇ ಬರತೊಡಗಿದಳು. ಬಡವರನ್ನು ಕೊರತೆಯ ಬಣ್ಣದಲ್ಲಿ ತೋರಿಸಿದ ಮನೆಯೇ ಐದು ವರ್ಷದ ನಂತರ ಅವರ ವಿದ್ಯೆಯನ್ನು ತೋರಿಸಿತು.

ಚೌಕಟ್ಟಿನ ಹೊರಗಿದ್ದ ಸತ್ಯ

ಇಷ್ಟಕ್ಕೇ ಕಥೆ ಮುಗಿದಿದ್ದರೆ ಇದೊಂದು ಯಶೋಗಾಥೆ ಆಗುತ್ತಿತ್ತು. 1902ರಲ್ಲಿ ಶಿಕಾಗೊಗೆ ಟೈಫಾಯ್ಡ್ ಬಂತು. ನಗರದ ಜನಸಂಖ್ಯೆಯ 36ನೇ ಒಂದು ಭಾಗ ಇದ್ದ 19ನೇ ವಾರ್ಡಿನಲ್ಲಿ ಆರನೇ ಒಂದು ಭಾಗ ಸಾವುಗಳಾದವು. ಹಲ್ ಹೌಸ್‌ನ ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಮತ್ತು ಸಂಗಡಿಗರು ಸುಮಾರು 2,000 ಮನೆಗಳ ಶೌಚ, ಕೊಳಾಯಿ ವ್ಯವಸ್ಥೆ ಪರಿಶೀಲಿಸಿ, ಕಾಯಿಲೆ ಬಿದ್ದ ಮನೆಗಳನ್ನು ಗುರುತು ಮಾಡಿದರು. ಚರಂಡಿ ಸಂಪರ್ಕವಿಲ್ಲದ ಪಾಯಿಖಾನೆಗಳಿಂದ ನೊಣ ರೋಗ ಹರಡಿತು ಅಂತ ಹ್ಯಾಮಿಲ್ಟನ್ ವಾದ ಮಂಡಿಸಿದರು. ವರದಿ ಹೆಸರು ಮಾಡಿತು. ಲಂಚ ತಿಂದ ನೈರ್ಮಲ್ಯ ಇನ್‌ಸ್ಪೆಕ್ಟರ್‌ಗಳ ಮೇಲೆ ತನಿಖೆಯಾಯಿತು, ಕೆಲವರು ಕೆಲಸ ಕಳೆದುಕೊಂಡರು.

ಆದರೆ ನಿಜವಾದ ಕಾರಣ ಬೇರೆಯೇ ಇತ್ತು. ವಾರ್ಡಿಗೆ ನೀರು ಕೊಡುವ ಪಂಪಿಂಗ್ ವ್ಯವಸ್ಥೆಯಲ್ಲಿ ಬಿರುಕು ಬಿಟ್ಟು, ಕುಡಿಯುವ ನೀರಿಗೆ ದಿನಗಟ್ಟಲೆ ಚರಂಡಿ ನೀರು ಸೇರಿತ್ತು. ಆರೋಗ್ಯ ಮಂಡಳಿಗೆ ಇದು ಗೊತ್ತಿತ್ತು, ಮುಚ್ಚಿಟ್ಟಿತ್ತು. ಹ್ಯಾಮಿಲ್ಟನ್‌ಗೆ ಇದು ಆಮೇಲೆ ತಿಳಿಯಿತು. ದಶಕಗಳ ನಂತರ ಆತ್ಮಕಥೆಯಲ್ಲಿ ಅವರೇ ಇದನ್ನು ಹೇಳಿಕೊಂಡರು.

ಇಲ್ಲಿಗೆ ಬಂದಾಗಲೆಲ್ಲ ನಾನು ನಿಂತುಬಿಡುತ್ತೇನೆ. ನಕ್ಷೆ ಸುಳ್ಳು ಹೇಳಿರಲಿಲ್ಲ. ಸಾವು ಬಿದ್ದ ಮನೆಗಳು ನಿಜ, ಕೆಟ್ಟ ಪಾಯಿಖಾನೆಗಳು ನಿಜ. ಆದರೆ ಬಡವರ ಮನೆಗಳ ಮೇಲೆ ಗುರುತು ಹಾಕುತ್ತಾ ಹೋದ ನಕ್ಷೆಗೆ ಪಂಪಿಂಗ್ ಸ್ಟೇಷನ್ ಕಾಣಲಿಲ್ಲ. ಆರೋಗ್ಯ ಮಂಡಳಿಯ ಕಚೇರಿ ಕಾಣಲಿಲ್ಲ. ನಾವು ಬಡವರನ್ನು ಎಷ್ಟು ಹತ್ತಿರದಿಂದ ನೋಡಿದರೂ ಬಡತನ ಮಾಡಿದವರು ಚೌಕಟ್ಟಿನ ಹೊರಗೆ ಉಳಿದುಬಿಡಬಹುದು.

ನಮ್ಮ ಕಡೆಗೆ ಬಂದ ದಾರಿ

ಮುಂದಿನದು ಜಗತ್ತಿಗೆ ಗೊತ್ತಿರುವ ಕಥೆ. ಮೊದಲ ಮಹಾಯುದ್ಧದ ನಡುವೆ, 1915ರಲ್ಲಿ, ಹೇಗ್‌ನಲ್ಲಿ ಮಹಿಳೆಯರ ಶಾಂತಿ ಸಮ್ಮೇಳನದ ಅಧ್ಯಕ್ಷತೆ. ಅಮೆರಿಕ ಯುದ್ಧಕ್ಕಿಳಿದ ಮೇಲೂ ಯುದ್ಧ ಬೇಡವೆಂದದ್ದಕ್ಕೆ ದೇಶದ್ರೋಹಿಯ ಪಟ್ಟ. 1923ರಲ್ಲಿ ಏಷ್ಯಾ ಪ್ರವಾಸದಲ್ಲಿ ಭಾರತಕ್ಕೂ ಬಂದರು, ಆಗ ಗಾಂಧೀಜಿ ಜೈಲಿನಲ್ಲಿದ್ದರು. 1931ರಲ್ಲಿ ನೊಬೆಲ್. 1935ರ ಮೇ 21ರಂದು ಸಾವು. ಹಲ್ ಹೌಸ್‌ನಲ್ಲಿ ಇಟ್ಟಿದ್ದ ಪಾರ್ಥಿವ ಶರೀರ ನೋಡಲು ನೆರೆಹೊರೆಯವರು ಸಾವಿರಾರು ಸಂಖ್ಯೆಯಲ್ಲಿ ಸಾಲುಗಟ್ಟಿದರು.

ಆ ಪರಂಪರೆ ನಮಗೂ ತಲುಪಿತು. ಶಿಕಾಗೊದಲ್ಲಿ ಓದಿದ ಕ್ಲಿಫರ್ಡ್ ಮ್ಯಾನ್ಸ್‌ಹಾರ್ಟ್ 1920ರ ದಶಕದಲ್ಲಿ ಮುಂಬೈನ ನಾಗಪಾಡಾದಲ್ಲಿ ಇಂಥದೇ ನೆರೆಮನೆ ಕೇಂದ್ರ ತೆರೆದರು. ಅವರ ಮುಂದಾಳತ್ವದಲ್ಲಿ 1936ರಲ್ಲಿ ಶುರುವಾದ ಸಮಾಜಕಾರ್ಯ ಶಾಲೆಯೇ ಇವತ್ತಿನ ಟಾಟಾ ಸಮಾಜವಿಜ್ಞಾನ ಸಂಸ್ಥೆ. ಕರ್ನಾಟಕದಲ್ಲಿ 1990ರ ಆಸುಪಾಸಿನಲ್ಲಿ ಮೈರಾಡದಂಥ ಸಂಸ್ಥೆಗಳು ಹಳ್ಳಿಗರೇ ನೆಲದ ಮೇಲೆ ರಂಗೋಲಿ ಪುಡಿ, ಕಡ್ಡಿ, ಕಾಳುಗಳಿಂದ ತಮ್ಮೂರಿನ ನಕ್ಷೆ ಬಿಡಿಸುವ ಪಿಆರ್‌ಎ ಪದ್ಧತಿಯನ್ನು ಬೆಳೆಸಿದವು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಚೀನಾದ ಯುನಾನ್ ಪ್ರಾಂತ್ಯದಲ್ಲಿ ಹಳ್ಳಿ ಹೆಂಗಸರ ಕೈಗೇ ಕ್ಯಾಮೆರಾ ಕೊಟ್ಟು ಅವರ ಬದುಕನ್ನು ಅವರೇ ತೋರಿಸುವ ಫೋಟೊವಾಯ್ಸ್ ಹುಟ್ಟಿತು. ಬೆರಳು ತಿರುಗಿಸಿದ ಆ ಹನ್ನೆರಡು ಹೆಂಗಸರ ಮೊಮ್ಮಕ್ಕಳು ಇವರೆಲ್ಲ ಅಂತ ನನಗನ್ನಿಸುತ್ತೆ.

ಆದರೆ ಎದುರು ದಿಕ್ಕಿಗೂ ಸಾಗುತ್ತಿದ್ದೇವೆ. 2023ರ ಜನವರಿಯಿಂದ ನರೇಗಾ ಕೂಲಿಕಾರರ ಹಾಜರಿಗೆ ದಿನಕ್ಕೆ ಎರಡು ಸಲ ಫೋಟೊ ಆ್ಯಪ್‌ಗೆ ಹಾಕುವುದನ್ನು ಕಡ್ಡಾಯ ಮಾಡಲಾಯಿತು. ಅದೂ ದೃಶ್ಯ ದಾಖಲೆಯೇ. ಕೂಲಿ ತಡವಾದದ್ದನ್ನು ತೋರಿಸುವ ಫೋಟೊ ತೆಗೆದು ಆ ಆ್ಯಪ್‌ಗೆ ಹಾಕುವ ಅವಕಾಶ ಕೂಲಿಕಾರಳಿಗೆ ಇರಲಿಲ್ಲ. ಇನ್ನು ನಮ್ಮ ಪಿಆರ್‌ಎ ನಕ್ಷೆಗಳ ಕಥೆ? ಅಂಗಳದಲ್ಲಿ ಹೆಂಗಸರು ಬಿಡಿಸಿದ್ದನ್ನು ಚಾರ್ಟ್ ಶೀಟಿಗೆ ಇಳಿಸಿಕೊಂಡು ನಾವು ಹೊರಟುಬಿಡುತ್ತೇವೆ. ರಂಗೋಲಿ ಗಾಳಿಗೆ ಹೋಗುತ್ತೆ, ಚಾರ್ಟ್ ಕಾಲೇಜಿನ ಬೀರುವಿಗೆ ಹೋಗುತ್ತೆ. ಊರಿನವರ ಹತ್ತಿರ ಒಂದು ಪ್ರತಿಯೂ ಇರುವುದಿಲ್ಲ. ಗ್ರಾಮಸಭೆಯಲ್ಲಿ ಅದನ್ನು ತೂಗುಹಾಕಿ, ಈ ಬೀದಿಗೆ ನಲ್ಲಿ ಯಾಕಿಲ್ಲ ಅಂತ ಕೇಳಬೇಕಾದವರು ಅವರಲ್ಲವೇ?

ಸಹಭಾಗಿತ್ವ ಮತ್ತು ದೃಶ್ಯ ವಿಧಾನ ಎರಡನ್ನೂ ಬೆಸೆಯುವುದು ಅಂದರೆ ತಂತ್ರದ ಮಾತಲ್ಲ, ಒಡೆತನದ ಮಾತು. ಜನ ಬಿಡಿಸಿದ ಮಾತ್ರಕ್ಕೆ ನಕ್ಷೆ ಜನರದ್ದಾಗಲ್ಲ. ಏನನ್ನು ತೋರಿಸಬೇಕು, ಏನನ್ನು ಮುಚ್ಚಿಡಬೇಕು ಅಂತ ಅವರು ತೀರ್ಮಾನಿಸಬೇಕು. ಅದರ ಅರ್ಥ ಅವರು ಹೇಳಬೇಕು. ಕೊನೆಗೆ ಅದು ಅವರ ಹತ್ತಿರ ಉಳಿಯಬೇಕು. ಜೊತೆಗೆ ಆ ನಕ್ಷೆಯಲ್ಲಿ ಅವರ ಮನೆಗಳಷ್ಟೇ ಅಲ್ಲ, ಪಂಚಾಯ್ತಿ ಕಚೇರಿ, ಗುತ್ತಿಗೆದಾರನ ಮನೆ, ನೀರಿನ ಟ್ಯಾಂಕಿನ ಕೀಲಿ ಯಾರ ಹತ್ತಿರ ಇದೆ ಎಂಬುದೂ ಇರಬೇಕು.

ಹಲ್ ಹೌಸ್‌ನ ಹೆಚ್ಚಿನ ಕಟ್ಟಡಗಳನ್ನು 1963ರಲ್ಲಿ ವಿಶ್ವವಿದ್ಯಾಲಯದ ಕ್ಯಾಂಪಸ್‌ಗಾಗಿ ಕೆಡವಿದರು. ಮೂಲ ಬಂಗಲೆ ಈಗ ಮ್ಯೂಸಿಯಂ. ಅವರು ಮಾಡಿದ ಬಣ್ಣದ ನಕ್ಷೆಗಳು ಇವತ್ತಿಗೂ ಇತಿಹಾಸದ ಪುಸ್ತಕಗಳಲ್ಲಿ ಅಚ್ಚಾಗುತ್ತಲೇ ಇವೆ. ಆ ಹನ್ನೆರಡು ಹೆಂಗಸರು ಓಣಿಯಲ್ಲಿ ನಿಂತು ಬರೆದುಕೊಂಡ ಪಟ್ಟಿಯನ್ನು ಹಾಗೆ ಯಾರೂ ಅಚ್ಚು ಹಾಕುವುದಿಲ್ಲ. ಆದರೆ ಅವರ ಓಣಿಯ ಕಸ ಎತ್ತಿಸಿದ್ದು ನಕ್ಷೆಯಲ್ಲ, ಆ ಪಟ್ಟಿ.